ವಾಲ್ವ್ ಮೇಲಿನ ಕುಂಕುಮ

ಹನ್ನೊಂದು ಗಂಟೆಯಾಗುವುದಕ್ಕೂ ಮೆಷಿನ್ನಿನ ಕೈ ಸೋಲುವುದಕ್ಕೂ ಸರಿಹೋಯಿತು. ಮಣ್ಣು ತುಂಬಿದ ಬಕೆಟ್ಟು ಅರ್ಧಕ್ಕೆ ಎದ್ದು, ಅಲ್ಲೇ ನಿಂತು, ಮೆಲ್ಲಗೆ ಮತ್ತೆ ಗುಂಡಿಯೊಳಕ್ಕೆ ಇಳಿಯತೊಡಗಿತು. ಕೆಳಗೆ ಸಲಿಕೆ ಹಿಡಿದು ಅಂಚು ಸವರುತ್ತಿದ್ದ ಹಾಲವ್ವ ಪಕ್ಕಕ್ಕೆ ಸರಿದಳು. ನಾಲ್ಕು ತಿಂಗಳಿಂದ ಸರಿದೂ ಸರಿದೂ ಅವಳಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು.

ಅವಳ ಗಂಡ ಭರಮಪ್ಪ ಎಂಜಿನ್ ಆರಿಸಿ ಇಳಿದ. ಹದಿನಾಲ್ಕು ವರ್ಷ ಕಂಡವರ ಎಕ್ಸ್‌ಕವೇಟರ್ ಓಡಿಸಿ, ಕೊನೆಗೂ ತನ್ನದೆಂದು ಕೊಂಡ ಸೆಕೆಂಡ್ ಹ್ಯಾಂಡ್ ಮೆಷಿನ್ ಅದು. ಬಾಗಲಕೋಟೆ ಕಡೆಯಿಂದ ಬಂದ ಗಂಡ ಹೆಂಡಿರಿಗೆ ಬೆಂಗಳೂರಿನಲ್ಲಿ ನಮ್ಮದು ಅನ್ನುವುದಕ್ಕೆ ಇದ್ದದ್ದು ಅದೊಂದೇ. ಕೆಂಗೇರಿ ಉಪನಗರದ ಈ ಅಪಾರ್ಟ್‌ಮೆಂಟಿನ ಪಾಯ ಸಂಜೆಯೊಳಗೆ ಮುಗಿಯಬೇಕು. ಇಲ್ಲದಿದ್ದರೆ ನಾಳೆ ಬೇರೆ ಮೆಷಿನ್ ಬರುತ್ತದೆ, ಮುಂದಿನ ಆರು ತಿಂಗಳ ಕೆಲಸವೂ ಅದಕ್ಕೇ ಹೋಗುತ್ತದೆ ಎಂದು ಎಂಜಿನಿಯರ್ ಬೆಳಿಗ್ಗೆಯೇ ಹೇಳಿದ್ದರು.

ಕಾಯಿನ್ ಬೂತಿನಿಂದ ಫೋನ್ ಮಾಡಿದ್ದಕ್ಕೆ ಲಗ್ಗೆರೆಯಿಂದ ಮೆಕ್ಯಾನಿಕ್ ಅಂಜಿನಯ್ಯ ಮೊಪೆಡ್ಡಿನಲ್ಲಿ ಬಂದ. ಆತುರ ಅನ್ನುವುದು ಆಸಾಮಿಯ ಜಾತಕದಲ್ಲೇ ಇಲ್ಲ. ಎಣ್ಣೆಯ ಮಟ್ಟ ನೋಡಿದ, ಸರಿಯಾಗಿತ್ತು. ಫಿಲ್ಟರ್ ಬಿಚ್ಚಿದ, ಚೊಕ್ಕಟವಾಗಿತ್ತು. ಪೈಪುಗಳನ್ನೆಲ್ಲ ಉದ್ದಕ್ಕೂ ಸವರಿದ, ಎಲ್ಲೂ ಒಸರುತ್ತಿರಲಿಲ್ಲ. ಎಣ್ಣೆಯ ಒತ್ತಡ ತೋರಿಸುವ ಗೇಜ್ ಸಿಕ್ಕಿಸಿ ಎಂಜಿನ್ ಶುರು ಮಾಡಿಸಿದರೆ ಮುಳ್ಳು ಅರ್ಧಕ್ಕೇ ಸುಸ್ತಾಗಿ ನಿಂತಿತು.

“ಬೆಳಿಗ್ಗೆ ಹೊತ್ತು ಹೆಂಗಿರುತ್ತೆ?”

“ಬೆಳಿಗ್ಗಿ ಹುಲಿ ಆಗಿರ್ತೈತ್ರಿ. ಬಿಸಿಲು ಏರಿದಂಗ ಇಲಿ ಆಗ್ತೈತಿ,” ಎಂದ ಭರಮಪ್ಪ.

“ಹಂಗಾದ್ರೆ ಪಂಪ್ ಸವೆದಿದೆ ಕಣಪ್ಪ. ಎಣ್ಣೆ ತಣ್ಣಗಿದ್ದಾಗ ಮಂದವಾಗಿರುತ್ತೆ, ಎಳೆಯುತ್ತೆ. ಬಿಸಿ ಆದ್ರೆ ನೀರಾಗಿ ಸಂದೀಲಿ ಜಾರ್ಕೊಂಡು ಹೋಗುತ್ತೆ. ಪಂಪ್ ಇಳಿಸಿ ರಿಪೇರಿ ಮಾಡ್ಬೇಕು. ನಾಲ್ಕು ದಿನ ಬೇಕು.”

“ನಾಲ್ಕು ದಿನ ನನ್ನ ಕಡೆ ಇಲ್ರೀ. ಆ ಪ್ರೆಶರ್ ವಾಲ್ವಿನ ಸ್ಕ್ರೂ ಒಂದು ಸುತ್ತು ಬಿಗಿ ಮಾಡ್ರಿ. ಜೋರು ಬರ್ತೈತಿ, ನಾ ಬ್ಯಾರೆ ಕಡೆ ನೋಡೀನಿ. ಸಂಜಿತನಕ ಎಳೆದ್ರ ಸಾಕು.”

ಅಂಜಿನಯ್ಯ ಮುಚ್ಚಳ ಎತ್ತಿದ. ವಾಲ್ವಿನ ತಲೆಯ ಮೇಲೆ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು, ಪಕ್ಕದಲ್ಲೊಂದು ಬಾಡಿದ ಸೇವಂತಿಗೆ. ಸ್ಕ್ರೂ ಕಾಣಲೆಂದು ಬೆರಳಿನಿಂದ ಉಜ್ಜಿದ.

“ಅದನ್ನ ಅಳಿಸಬ್ಯಾಡ್ರಿ,” ಎನ್ನುತ್ತ ಹಾಲವ್ವ ಗುಂಡಿಯಿಂದ ಹತ್ತಿ ಬಂದಳು. “ಮಷಿನ್ ತಂದ ದಿನಾನ ಅಲ್ಲಿ ಕೆಂಪು ಬೊಟ್ಟಿತ್ತು. ಹಿಂದಿನವರು ಯಾರೋ ಪೂಜಿ ಮಾಡ್ಯಾರ, ನಾವು ಬಿಡಬಾರದು ಅಂತ ದಿನಾ ಅದರ ಮ್ಯಾಲ ಹಚ್ಚತೀನಿ.”

ಅಷ್ಟರಲ್ಲಿ ಕುಂಕುಮ ಸರಿದಿತ್ತು. ಅದರಡಿಯಲ್ಲಿ ಹೊಳೆಯುವ ಕೆಂಪು ಗೆರೆ, ನೈಲ್ ಪಾಲಿಶಿನದು. ತಾನು ಮುಟ್ಟಿದ ಸ್ಕ್ರೂವನ್ನು ಮತ್ತೊಬ್ಬ ತಿರುಗಿಸಿದರೆ ತಿಳಿಯಲೆಂದು, ಮಗಳು ರಂಜಿನಿಯ ಸೀಸೆಯಿಂದ ಹಾಗೊಂದು ಗೆರೆ ಎಳೆಯುವುದು ಅಂಜಿನಯ್ಯನದೇ ಪದ್ಧತಿ. ಭರಮಪ್ಪ ಹೊಸ ಬಣ್ಣ ಬಳಿಸಿದ್ದರಿಂದ ಮೆಷಿನ್ನಿನ ಗುರುತು ಸಿಕ್ಕಿರಲಿಲ್ಲ, ಅಷ್ಟೆ. ನಾಲ್ಕು ತಿಂಗಳ ಹಿಂದೆ ಇದನ್ನು ಮಾರಲು ನಿಂತಿದ್ದ ಅತ್ತಿಗುಪ್ಪೆಯ ಬ್ರೋಕರ್ ಲಕ್ಷ್ಮೀಪತಿ ಅಂಜಿನಯ್ಯನನ್ನು ಕರೆಸಿದ್ದ. ‘ಗಿರಾಕಿ ಬರ್ತಾನೆ ಗುರು, ಒಂದು ಗಂಟೆ ಗಟ್ಟಿ ನಿಂತ್ರೆ ಸಾಕು’ ಅಂದಿದ್ದ. ಇವನು ಮಂದದ ಎಣ್ಣೆ ತುಂಬಿ, ಸ್ಕ್ರೂವನ್ನು ಪೈಪು ತಾಳುವ ಮಿತಿಯವರೆಗೂ ಬಿಗಿದು, ಗೆರೆ ಎಳೆದು ಬಂದಿದ್ದ. ಗಿರಾಕಿ ಯಾರು, ಎತ್ತ ಎಂದು ಕೇಳುವ ಗೋಜಿಗೆ ಹೋಗಿರಲಿಲ್ಲ. ಕೇಳುತ್ತ ಕೂತರೆ ಹೊಟ್ಟೆಪಾಡು ನಡೆಯಬೇಕಲ್ಲ.

“ತಿರುಗಸ್ರಿ ಅಣ್ಣಾ, ಹೊತ್ತಾಗ್ತೈತಿ,” ಎಂದ ಭರಮಪ್ಪ.

ತಿರುಗಿಸಿದ ಹಾಗೆ ಮಾಡಿ ಲಗ್ಗೆರೆಯ ದಾರಿ ಹಿಡಿಯಬಹುದಿತ್ತು. ಆದರೆ ಇವನು ಹೋದ ಮೇಲೆ ಭರಮಪ್ಪನೇ ಸ್ಪ್ಯಾನರ್ ಹಿಡಿಯುತ್ತಾನೆ, ಸುಮ್ಮನೆ ಕೂರುವ ಪೈಕಿಯಲ್ಲ. ನಾಳೆ ಬೆಳಿಗ್ಗೆ ತಣ್ಣನೆಯ ಎಣ್ಣೆ ಪೂರಾ ಜೋರಿನಲ್ಲಿ ನುಗ್ಗಿದರೆ ಪೈಪು ಸಿಡಿದು ಬಕೆಟ್ಟು ಧೊಪ್ಪನೆ ಕೆಳಗೆ ಬೀಳುತ್ತದೆ. ಅದರ ಕೆಳಗೆ ಸಲಿಕೆ ಹಿಡಿದು ಯಾರು ನಿಂತಿರುತ್ತಾರೆ ಎನ್ನುವುದನ್ನು ಅಂಜಿನಯ್ಯ ಈಗಷ್ಟೇ ನೋಡಿದ್ದ.

“ಇನ್ನು ತಿರುಗಿಸಬಾರ್ದು. ಈಗಾಗ್ಲೇ ಪೈಪ್ ತಾಳೋ ಮಿತೀವರೆಗೂ ಬಿಗಿದಿದೆ. ಇನ್ನೂ ಬಿಗಿದ್ರೆ ಪೈಪ್ ಒಡೆದು ಈ ಅಮ್ಮನ ತಲೆ ಮೇಲೆ ಬರುತ್ತೆ.”

“ಸ್ಪ್ಯಾನರ್ ಹಚ್ಚೇ ಇಲ್ಲ, ಬಿಗಿದೈತಿ ಅಂತ ನಿಮಗ ಹೆಂಗ ಗೊತ್ತಾತು?”

ಅಂಜಿನಯ್ಯ ಕೈಲಿದ್ದ ಮುಚ್ಚಳವನ್ನು ಕೆಳಗಿಟ್ಟ. ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

“ನಾನೇ ಬಿಗಿದಿದ್ದು. ನಿಮಗೆ ಮಾರೋಕೆ ಮುಂಚೆ. ಕೆಳಗಿರೋದು ಕುಂಕುಮ ಅಲ್ಲಮ್ಮ, ನನ್ನ ಗುರುತು. ಪಂಪ್ ನಾನೇ ಇಳಿಸಿ ಸರಿ ಮಾಡ್ಕೊಡ್ತೀನಿ, ಕೂಲಿ ಬೇಡ. ಆದ್ರೆ ಇವತ್ತು ಆಗಲ್ಲ.”

ಭರಮಪ್ಪ ಮೆಷಿನ್ನಿನ ಚೈನ್ ಪಟ್ಟಿಯ ಮೇಲೆ ಕುಳಿತು, ಎಂಜಿನಿಯರ್ ಕೂತಿದ್ದ ಶೆಡ್ಡಿನ ಕಡೆ ನೋಡುತ್ತ ಉಳಿದ. ಹಾಲವ್ವ ಮಾತ್ರ ವಾಲ್ವಿನಿಂದ ಕಣ್ಣು ತೆಗೆದಿರಲಿಲ್ಲ.

“ಬೆಳಿಗ್ಗಿ ಆರಕ್ಕ ಛಲೋ ಮುಹೂರ್ತ ಐತಿ, ಆವಾಗ ಬಂದು ನೋಡ್ರಿ, ಏಳರೊಳಗ ಮುಗಿಸ್ಬೇಕು ಅಂದಿದ್ದ ಬ್ರೋಕರ್,” ಎಂದಳು. “ಕೇಳಿದ ಕೂಡಲೇ ನನಗ ನಂಬಿಕಿ ಬಂತು. ಕಾಯಿ ಒಡದು ತಗೊಂಡ್ವಿ. ಆ ಮುಹೂರ್ತ ಇಟ್ಟವರು ಯಾರ್ರೀ?”

ಅಂಜಿನಯ್ಯ ಬೆರಳನ್ನು ಬಟ್ಟೆಗೆ ಒರೆಸಿದ. ಎಣ್ಣೆಯಲ್ಲಿ ಕಲಸಿಹೋದ ಕುಂಕುಮ ಬಿಡಲೊಲ್ಲದು.

“ಅದನ್ನೂ ನಾನೇ ಹೇಳ್ಕೊಟ್ಟಿದ್ದು ತಾಯಿ,” ಎಂದ.