ಕೆಂಪು ಪೈಪು

ಕಲ್ಯಾಣಮಂಟಪದ ಶೌಚಾಲಯಗಳಿಗೆ ಅರ್ಧ ಇಂಚಿನ ಪೈಪು ಹಾಕಿದ್ದರಿಂದ, ಫ್ಲಶ್ ಒತ್ತಿದರೆ ನೀರು ತೊಟ್ಟಿಕ್ಕುತ್ತಿತ್ತು.

“ನಾಳೆ ನನ್ನ ಮಗಳ ಮದುವೆ. ಬೀಗರ ಮುಂದೆ ಮಾನ ಉಳಿಸು, ಚೌಡಣ್ಣ,” ಎಂದು ಮಂಟಪದ ಮಾಲೀಕರು ಪ್ಲಂಬರ್‌ಗೆ ಹೇಳಿದರು.

“ದಪ್ಪ ಪೈಪಿಗೆ ಗೋಡೆ ಒಡೀಬೇಕು, ಯಜಮಾನ್ರೇ. ಬೆಂಕಿ ಆರಿಸೋ ಟ್ಯಾಂಕಿನ ಕೆಂಪು ಪೈಪು ಪಕ್ಕದಲ್ಲೇ ಇದೆ. ಅದಕ್ಕೇ ಜೋಡಿಸ್ಲಾ?”

“ಜೋಡಿಸು. ಇಲ್ಲಿ ಹೋಮದ ಬೆಂಕಿ ಬಿಟ್ಟು ಇನ್ಯಾವ ಬೆಂಕಿ ಬೀಳುತ್ತೆ? ದೇವರಿದ್ದಾನೆ.”

ಮರುದಿನ ನೀರು ಭೋರ್ಗರೆಯಿತು. ಬೀಗರು ಮೆಚ್ಚಿಕೊಂಡರು. ಬೆಳಗಿನಿಂದ ಫ್ಲಶ್ಶಿನ ಸದ್ದು ನಿಲ್ಲಲೇ ಇಲ್ಲ.

ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಚಪ್ಪರಕ್ಕೆ ಹಬ್ಬಿ, ಮದುಮಗಳ ಕೋಣೆಯ ಬಾಗಿಲು ಹಿಡಿಯಿತು. ಮಗಳು ಒಳಗಿದ್ದಳು. ಮಾಲೀಕರೇ ಓಡಿ, ಬೆಂಕಿ ಆರಿಸುವ ಕೊಳವೆಯನ್ನು ಎಳೆದು ತಂದು, ಬಾಗಿಲಿಗೆ ಗುರಿಯಿಟ್ಟು ನಲ್ಲಿ ತಿರುಗಿಸಿದರು.

ನೀರು ತೊಟ್ಟಿಕ್ಕಿತು.