ಬಾಗಿಲು ತಟ್ಟಿದರೆ ಸೋಲು

"ಲ್ಯಾಬಿನ ಪ್ರೋಗ್ರಾಮರ್ ಏನಾದ್ರೂ ಕೇಳೋಕೆ ಬಂದು ಈ ಬಾಗಿಲು ತಟ್ಟಿದ್ರೆ ನೀವು ಸೋತ ಹಾಗೆ, ಅಕ್ಕ. ನಿಮ್ಮ ಸಾಕೆಟ್ ಕಸದ ಬುಟ್ಟಿಗೆ," ಎಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಅವಳ ಫೋನನ್ನೂ ಇಸಿದುಕೊಂಡು, ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ ಹೋದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಗುಡುಗು ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಇಡೀ ವಿಭಾಗಕ್ಕೆ ಅವಳು ಅಕ್ಕ. ವಾರ್ಡಿನಲ್ಲಿ ವೈದ್ಯರು ಒಂದಕ್ಷರ ಬರೆದರೂ ಆ ಸುದ್ದಿ ಮುಖ್ಯ ಡೇಟಾಬೇಸಿನಿಂದ ಪ್ರತಿಯೊಂದು ವಿಭಾಗದ ಕಂಪ್ಯೂಟರಿನಲ್ಲಿರುವ ನಕಲಿಗೆ ತಕ್ಷಣ ಮುಟ್ಟಬೇಕು. ಔಷಧಿ ಕೌಂಟರಿಗೆ ಸುದ್ದಿ ಒಂದು ರೂಪದಲ್ಲಿ ಬೇಕು, ಎಕ್ಸ್-ರೇ ಕೋಣೆಗೆ ಇನ್ನೊಂದು. ಹೊಸ ವಿಭಾಗ ಸೇರಿದಾಗಲೆಲ್ಲ ಡೇಟಾಬೇಸಿನ ಹೊಟ್ಟೆ ಬಗೆದು ಹೊಲಿಗೆ ಹಾಕುವವಳು ಅವಳೊಬ್ಬಳೇ. ಬಾಯಿಗಿಟ್ಟ ತುತ್ತು ಬಿಟ್ಟು ಓಡಿದ ದಿನಗಳಿಗೆ ಲೆಕ್ಕವಿಲ್ಲ. "ನೀನು ಆ ಡೇಟಾಬೇಸನ್ನೇ ಮದುವೆ ಆಗ್ಬೇಕಿತ್ತು," ಎಂದು ಗಂಡ ರೇಗಿಸುತ್ತಿದ್ದ.

ಸಾಕಾಗಿಹೋಗಿ ಅವಳು ಡೇಟಾಬೇಸಿಗೆ ಗೋಡೆಯ ಸಾಕೆಟ್ಟಿನಂಥದೇ ಒಂದು ಸಾಕೆಟ್ ಬರೆದು ಮಾಡಿದ್ದಳು. ಇನ್ನು ಡೇಟಾಬೇಸು 'ಇದು ಬದಲಾಯಿತು' ಎಂದಷ್ಟೇ ಹೇಳುತ್ತದೆ. ಅದನ್ನು ಯಾವ ರೂಪದ ಸುದ್ದಿ ಮಾಡಬೇಕೆಂಬುದು ಆಯಾ ವಿಭಾಗದವರು ತಾವೇ ಬರೆದು ಸಿಕ್ಕಿಸುವ ಪುಟ್ಟ ಪ್ರೋಗ್ರಾಮಿನ, ಅಂದರೆ ಪ್ಲಗ್ಗಿನ ಪಾಡು. ಹೊಟ್ಟೆ ಬಗೆಯುವ ಮಾತೇ ಇಲ್ಲ. ಗುಡುಗು ನಂಬಲಿಲ್ಲ. "ನೀವಿಲ್ದೆ ಅದು ಹೇಗೆ ನಡೆಯುತ್ತೋ ನೋಡೇಬಿಡೋಣ," ಎಂದು ಪಂಥ ಕಟ್ಟಿದ್ದರು. ಹೊಸದಾಗಿ ಸೇರುತ್ತಿದ್ದ ಲ್ಯಾಬಿನ ಪ್ರೋಗ್ರಾಮರ್ ಇವತ್ತು ಅವಳನ್ನು ಏನೂ ಕೇಳದೆ, ಅವಳ ವಿವರಣೆಯನ್ನಷ್ಟೇ ಓದಿ ಪ್ಲಗ್ ಬರೆದು ಸಿಕ್ಕಿಸಬೇಕಿತ್ತು.

ತಾನು ಬರೆದುಕೊಟ್ಟ ವಿವರಣೆ ಅರ್ಥವಾಯಿತೋ ಇಲ್ಲವೋ? ಪ್ಲಗ್ ಕೈಕೊಟ್ಟು ಡೇಟಾಬೇಸೂ ನಿಂತುಹೋದರೆ? ಅವಳು ಗೋಡೆಗೆ ಕಿವಿ ಹಚ್ಚಿದಳು. ಗೋಡೆಯಾಚೆ ಕುರ್ಚಿ ಎಳೆದ ಸದ್ದು, ಗುಡುಗಿನ ಕೆಮ್ಮು. ಆಮೇಲೆ ಅದೂ ಇಲ್ಲ. ಕಿಟಕಿಯ ಬಿಸಿಲು ಮೇಜಿನಿಂದ ನೆಲಕ್ಕಿಳಿಯಿತು.

ಬಾಗಿಲು ತಟ್ಟಿದ ಸದ್ದಾಯಿತು. ಮುಗೀತು ನನ್ನ ಕಥೆ ಅಂದುಕೊಂಡು ತೆರೆದಳು. ಗುಡುಗು ನಿಂತಿದ್ದರು, ಕೈಯಲ್ಲಿ ಅವಳ ಫೋನು.

"ನಿಮ್ಮ ಮನೆಯವರು. ಬಿಡದೆ ಫೋನ್ ಮಾಡ್ತಿದ್ದಾರೆ."

"ಲ್ಯಾಬಿನವರು ಏನು ಕೇಳಿದ್ರು, ಸರ್?"

"ಏನು ಕೇಳ್ತಾರೆ? ಪ್ಲಗ್ ಸಿಕ್ಕಿಸಿದ್ರು. ವಾರ್ಡಿನಲ್ಲಿ ಬರೆದದ್ದು ಒಂದೂ ತಪ್ಪದೆ ಲ್ಯಾಬಿಗೆ ಬಂತು, ನಾನೇ ಕೂತು ತಾಳೆ ನೋಡಿದೆ. ಅವರು ಆಗ್ಲೇ ಮನೆಗೆ ಹೋದ್ರು." ಗುಡುಗಿನ ದನಿ ಇಳಿಯಿತು. "ನಾನೂ ಬೀಗ ಹಾಕಿ ಹೊರಟಿದ್ದೆ. ಜೇಬಲ್ಲಿ ಈ ಫೋನ್ ಬಡ್ಕೊಂಡಾಗಲೇ ನೆನಪಾಗಿದ್ದು. ನೀವಿಲ್ಲಿ ಇದ್ದೀರಿ ಅನ್ನೋದೇ ಮರೆತುಹೋಗಿತ್ತು, ಅಕ್ಕ."

ಅವಳು ಫೋನು ಕಸಿದುಕೊಂಡಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ರೀ, ಗೆದ್ದೆ ಕಣ್ರೀ! ನಾನೊಬ್ಬಳು ಇದ್ದೀನಿ ಅನ್ನೋದನ್ನೇ ಇವರೆಲ್ಲ ಮರೆತುಬಿಟ್ಟಿದ್ರು."

ಆ ಕಡೆ ಗಂಡ ನಕ್ಕ.

"ಅಂತೂ ಆ ಡೇಟಾಬೇಸಿಂದ ನಿಂಗೆ ಡೈವೋರ್ಸ್ ಸಿಕ್ತು ಅನ್ನು. ಬೇಗ ಮನೆಗೆ ಬಾ."