ಬರೆಯದ ಸನ್ನೆ

ಅವನು ಬೇಕೆಂದೇ ಕೆಡಿಸುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು.

ರಂಗದ ಪಕ್ಕದ ಕಪ್ಪು ಪರದೆಯ ಮರೆಯಲ್ಲಿ ನಿಂತು ಅವಳು ಗಂಡನನ್ನೇ ನೋಡುತ್ತಿದ್ದಳು. ಅವನು ಪಿಯಾನೊ ವಾದಕ, ಕೃತಿ ಅವಳದು. ಅದರಲ್ಲಿ ಒಂದು ಸ್ವರವೂ ಕೇಳಿಸುವುದಿಲ್ಲ. ಪಿಯಾನೊದ ಮುಚ್ಚಳ ಮುಚ್ಚಿಯೇ ಇರುತ್ತದೆ. ವಾದಕ ಗಾಳಿಯಲ್ಲಿ ಕೈಯಾಡಿಸಬೇಕು, ಬೆರಳು ಮಡಿಸಬೇಕು, ಬಿಡಿಸಬೇಕು. ಸಭೆ ಸಂಗೀತವನ್ನು ಕಣ್ಣಿಂದ ಕೇಳಬೇಕು. ಒಂದೊಂದು ಸನ್ನೆಯನ್ನೂ ಅವಳು ಸ್ವರಲಿಪಿಯಂತೆ ಬರೆದಿದ್ದಳು.

ಈಗ ಎರಡೂ ಕೈ ಮೇಲೇಳಬೇಕಾದ ಜಾಗ. ಅವನ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಸೇಡು, ಅಂದುಕೊಂಡಳು. ಕಾರ್ಯಕ್ರಮ ಮುಗಿಸಿ ಅಕ್ಕನ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು ಅವಳು ಹೇಳಿಯಾಗಿತ್ತು. ಅಂದಿನಿಂದ ಮನೆಯಲ್ಲಿ ಮಾತಿರಲಿಲ್ಲ. ಇವತ್ತು ಗ್ರೀನ್ ರೂಮಿನಲ್ಲಿ ಮಾತ್ರ ಅವನು ಬಾಯಿಬಿಟ್ಟಿದ್ದ.

"ಬೆಳಿಗ್ಗೆಯಿಂದ ಕೈ ಯಾಕೋ ಜೋಮು ಹಿಡಿದ ಹಾಗಿದೆ ಕಣೇ."

"ಕುಣಿಯೋ ಮನಸ್ಸಿಲ್ಲದವರಿಗೆ ನೆಲ ಯಾವಾಗಲೂ ಡೊಂಕೇ," ಅಂದಿದ್ದಳು.

ಅವನು ಸಣ್ಣಗೆ ನಕ್ಕು, ಕೋಟಿನ ಗುಂಡಿ ಹಾಕಿಕೊಂಡು ರಂಗಕ್ಕೆ ನಡೆದಿದ್ದ.

ಈಗ ರಂಗದಲ್ಲಿ ಅವನ ಬಲಗೈ ಎದೆಯ ಮೇಲಕ್ಕೆ ಹೋಯಿತು. ಅಲ್ಲೇ ಒತ್ತಿ ನಿಂತಿತು. ಇದು ಅವಳು ಬರೆದದ್ದಲ್ಲ. ಆಮೇಲೆ ಅವನು ಮೆಲ್ಲಗೆ ಪರದೆಯ ಕಡೆಗೆ, ಅವಳ ಕಡೆಗೆ, ತಿರುಗಿದ. ಕಣ್ಣು ತುಂಬಿತ್ತು. ಕೈ ಚಾಚಿ, ಬೆರಳು ಮಡಿಸಿ ಕರೆದ. ಬಾ. ಇನ್ನೊಮ್ಮೆ, ಬಾ.

ಅವಳ ಸಿಟ್ಟು ಸರ್ರನೆ ಇಳಿಯಿತು. ಇಷ್ಟು ವರ್ಷದ ಸಂಸಾರದಲ್ಲಿ 'ತಪ್ಪಾಯಿತು' ಎಂಬ ಮಾತು ಅವನ ಬಾಯಿಂದ ಬಂದಿರಲಿಲ್ಲ. ಬಾಯಿಂದ ಬಾರದ್ದು ಇಂದು ತುಂಬಿದ ಸಭೆಯಲ್ಲಿ, ಅವಳದೇ ಭಾಷೆಯಲ್ಲಿ, ಕೈಯಿಂದ ಬರುತ್ತಿತ್ತು.

ಪರದೆ ಎಳೆಯುವವನು ಹತ್ತಿರ ಬಂದು ಪಿಸುಗುಟ್ಟಿದ. "ಅಮ್ಮಾ, ರಿಹರ್ಸಲ್‌ನಲ್ಲಿ ಸರ್ ಹೀಗೆ ಮಾಡಿರ್ಲಿಲ್ಲ. ಪರದೆ ಎಳೆದುಬಿಡ್ಲಾ?"

"ಬೇಡ," ಎಂದು ಅವಳು ಅವನ ತೋಳು ಹಿಡಿದಳು. "ಇದು ನನಗೋಸ್ಕರ ಮಾಡ್ತಿರೋದು. ಮುಗಿಸಲಿ ಬಿಡಿ."

ಅಕ್ಕನಿಗೆ ಏನು ಹೇಳುವುದು ಎಂದು ಆಗಲೇ ಯೋಚಿಸತೊಡಗಿದ್ದಳು. ನಗುತ್ತಾಳೆ. ನಗಲಿ.

ಚಾಚಿದ ಕೈ ನಿಧಾನವಾಗಿ ಇಳಿಯಿತು. ಅವನು ಮುಂದಕ್ಕೆ ಬಾಗಿ ಪಿಯಾನೊದ ಮುಚ್ಚಳಕ್ಕೆ ಕೆನ್ನೆಯಾನಿಸಿದ. ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಒಬ್ಬರೂ ಕೆಮ್ಮಲಿಲ್ಲ. ಅವಳು ಬರೆದ ಯಾವ ಮೌನವೂ ಇಷ್ಟು ದೀರ್ಘವಾಗಿರಲಿಲ್ಲ, ಇಷ್ಟು ಚೆನ್ನಾಗಿಯೂ ಇರಲಿಲ್ಲ. ಕೊನೆಗೆ ಯಾರೋ ಎದ್ದು ನಿಂತರು; ಮರುಕ್ಷಣ ಇಡೀ ಸಭಾಂಗಣ ಎದ್ದು ಚಪ್ಪಾಳೆ ತಟ್ಟಿತು.

ಅವಳು ಕಣ್ಣೊರೆಸಿಕೊಂಡು ರಂಗಕ್ಕೆ ಹೋದಳು. ಅವನ ಕಿವಿಯ ಬಳಿ ಬಗ್ಗಿ, "ಏಳಿ, ಬಂದೆನಲ್ಲ. ಮನೆಗೆ ಹೋಗೋಣ," ಅಂದಳು.

ಕೈ ಹಿಡಿದು ಎಬ್ಬಿಸಲು ಹೋದಾಗ ಅವನ ಭಾರವೆಲ್ಲ ಅವಳ ಮೇಲೆ ವಾಲಿತು, ಉಸಿರಿಲ್ಲದೆ. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.